ಜಾತ್ರೆಯಲ್ಲಿ ತೆಗೆದ ಫೋಟೊ ನಿಮ್ಮದು, ಅದರಲ್ಲಿರುವ ಮುಖ ಯಾರದು?

ಪ್ರಶ್ನೆ: ವಕೀಲ ಮೇಡಂ, ನಮಸ್ಕಾರ. ನಾನು ಬಾಗಲಕೋಟೆಯವನು. ಡಿಪ್ಲೊಮಾ ಓದುತ್ತಾ ಫೋಟೊಗ್ರಫಿ ಮಾಡುತ್ತೇನೆ. ಈ ಸಲ ಬನಶಂಕರಿ ಜಾತ್ರೆಗೆ ಹೋಗಿದ್ದೆ. ಅಂಗಡಿ ಮುಂದೆ ಬಳೆ ಇಡಿಸಿಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಫೋಟೊ ತೆಗೆದೆ. ಅವಳ ಅಣ್ಣ ಬಂದು ಕಾಲರ್ ಹಿಡಿದ, ಫೋನ್ ಕಿತ್ತುಕೊಂಡು ಫೋಟೊ ಅಳಿಸಿದ, ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದ. ಅದೇ ದಿನ ಗುಡಿ ಹತ್ತಿರ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಆಯಿಯ ಫೋಟೊ ತೆಗೆದಿದ್ದೆ. ಅದು ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಓಡಿದೆ. ಬೆಳಗಾವಿಯ ಒಂದು ಖಾನಾವಳಿಯವರು ಅದನ್ನು ಬೋರ್ಡಿಗೆ ಹಾಕಿಕೊಳ್ತೀವಿ, ಐದು ಸಾವಿರ ಕೊಡ್ತೀವಿ ಅಂತಿದ್ದಾರೆ. ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯೋಕೆ ಯಾರ ಅನುಮತಿಯೂ ಬೇಕಿಲ್ಲ ಅಂತ ಯೂಟ್ಯೂಬ್‌ನಲ್ಲಿ ಹೇಳ್ತಾರೆ. ನನ್ನದು ತಪ್ಪಾ? ನನಗೆ ಏನು ಹಕ್ಕಿದೆ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ನೀವು ಬರೆದಂತೆಯೇ ನಡೆದಿದ್ದರೆ ಆ ಹುಡುಗಿಯ ಫೋಟೊ ತೆಗೆದದ್ದು ಅಪರಾಧ ಅಲ್ಲ. ಅವಳ ಅಣ್ಣ ನಿಮ್ಮ ಫೋನ್ ಕಿತ್ತುಕೊಂಡಿದ್ದು ತಪ್ಪು. ಆದರೆ ಆಯಿಯ ಫೋಟೊವನ್ನು ಅವರನ್ನು ಕೇಳದೆ ಖಾನಾವಳಿಗೆ ಕೊಟ್ಟರೆ ಆ ತಪ್ಪು ನಿಮ್ಮದಾಗುತ್ತದೆ. ಅದಕ್ಕೆ ಇನ್ನೂ ಒಪ್ಪಿಕೊಂಡಿಲ್ಲ ಅಂದುಕೊಂಡಿದ್ದೇನೆ. ಇದನ್ನು ಪೂರ್ತಿ ಓದುವ ತನಕ ಒಪ್ಪಿಕೊಳ್ಳಬೇಡಿ.

ಯೂಟ್ಯೂಬ್‌ನವರು ಹೇಳಿದ್ದು ಅರ್ಧ ಸರಿ. ರಸ್ತೆ, ಸಂತೆ, ಬಸ್ ಸ್ಟ್ಯಾಂಡ್, ಜಾತ್ರೆ ಇಂಥ ಕಡೆ ಬೇರೆಯವರ ಫೋಟೊವನ್ನು ಕೇಳದೆ ತೆಗೆಯಬಾರದು ಅಂತ ಹೇಳುವ ಒಂದು ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಾಗೊಂದು ಕಾನೂನು ಇದ್ದಿದ್ದರೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯದಾಗಲಿ, ಕಾರಹುಣ್ಣಿಮೆಯಲ್ಲಿ ಕರಿ ಹರಿಯುವುದಾಗಲಿ, ಬೆಳಗಾವಿಯ ರಾಜ್ಯೋತ್ಸವ ಮೆರವಣಿಗೆಯದಾಗಲಿ ಒಂದು ಫೋಟೊ ಕೂಡ ಪೇಪರಿನಲ್ಲಿ ಬರುತ್ತಿರಲಿಲ್ಲ. ಗುಂಪಿನ ಫೋಟೊ, ಹಬ್ಬದ ಫೋಟೊ, ಬೀದಿಯ ಬದುಕಿನ ಫೋಟೊ ಬೇಕು. ನಾಳೆ ನಮ್ಮ ಊರು ಹೇಗಿತ್ತು ಅಂತ ನೋಡಬೇಕಾದವರಿಗೆ ಅದೇ ಉಳಿಯುವುದು. ಅದಕ್ಕಾಗಿ ನಿಮ್ಮಂಥ ಹುಡುಗರು ಕ್ಯಾಮೆರಾ ಹಿಡಿದು ತಿರುಗುವುದು ನನಗೆ ಖುಷಿಯ ವಿಷಯವೇ.

ಆದರೆ ನಿಷೇಧ ಇಲ್ಲ ಅಂದ ಮಾತ್ರಕ್ಕೆ ಆ ಮುಖದ ಮೇಲೆ ನಿಮಗೆ ಹಕ್ಕು ಬಂತು ಅಂತ ತಿಳಿಯಬೇಡಿ. ಯೂಟ್ಯೂಬ್‌ನವರು ಬಿಟ್ಟುಬಿಡುವುದು ಈ ಅರ್ಧವನ್ನೇ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಚಾರವಾಗಿ ಶುರುವಾದ ಪ್ರಕರಣ ಅದು. ಆ ತೀರ್ಪಿನಲ್ಲಿ ನಿಮಗೆ ಬೇಕಾದ ಒಂದು ಮಾತಿದೆ: ಒಬ್ಬ ವ್ಯಕ್ತಿ ಸಾರ್ವಜನಿಕ ಜಾಗದಲ್ಲಿದ್ದಾನೆ ಅನ್ನುವ ಕಾರಣಕ್ಕೇ ಅವನ ಖಾಸಗಿತನ ಕಳೆದುಹೋಗುವುದಿಲ್ಲ, ಅದು ಆ ವ್ಯಕ್ತಿಗೇ ಅಂಟಿಕೊಂಡಿರುತ್ತದೆ. ಅಂದರೆ ಜಾತ್ರೆಗೆ ಬಂದ ಹೆಣ್ಣುಮಗಳು ತನ್ನ ಖಾಸಗಿತನವನ್ನು ಮನೆಯಲ್ಲಿ ಬಿಟ್ಟು ಬಂದಿರುವುದಿಲ್ಲ.

ಮೂಲಭೂತ ಹಕ್ಕು ಸರ್ಕಾರದ ವಿರುದ್ಧ ತಾನೇ, ನನ್ನಂಥ ಫೋಟೊಗ್ರಾಫರ್ ವಿರುದ್ಧ ಹೇಗೆ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆಯೇ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಬಹುಮತದಿಂದ, ಇಂಥ ಹಕ್ಕುಗಳನ್ನು ಖಾಸಗಿ ವ್ಯಕ್ತಿಗಳ ವಿರುದ್ಧವೂ ಕೇಳಬಹುದು ಅಂತ ಹೇಳಿದೆ. ಅದಕ್ಕೂ ಬಹಳ ಮೊದಲೇ, 1994ರಲ್ಲಿ, ಆರ್. ರಾಜಗೋಪಾಲ್ ಪ್ರಕರಣದಲ್ಲಿ ಇದೇ ಕೋರ್ಟು ಇನ್ನೂ ಸ್ಪಷ್ಟವಾಗಿ ಮಾತಾಡಿತ್ತು. ಒಬ್ಬರ ಹೆಸರನ್ನೋ ಚಿತ್ರವನ್ನೋ ಅವರ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಿದರೆ ಅವರ ಖಾಸಗಿತನದ ಹಕ್ಕಿಗೆ ಧಕ್ಕೆಯಾಗುತ್ತದೆ, ಅವರು ಪರಿಹಾರ ಕೇಳಬಹುದು ಅಂತ. ಖಾನಾವಳಿ ಬೋರ್ಡು ಜಾಹೀರಾತು ಅಲ್ವಾ?

ಅದಕ್ಕೇ ನಾನು ಯಾವಾಗಲೂ ಫೋಟೊ ತೆಗೆಯುವುದನ್ನು ಮತ್ತು ಅದನ್ನು ಬಳಸುವುದನ್ನು ಬೇರೆ ಬೇರೆ ಇಟ್ಟು ಯೋಚನೆ ಮಾಡಿ ಅನ್ನುತ್ತೇನೆ. ತೆಗೆಯುವ ವಿಷಯದಲ್ಲಿ ಕಾನೂನು ಸಡಿಲ. ಬಳಸುವ ವಿಷಯದಲ್ಲಿ ಬಿಗಿ. ನನ್ನ ಹತ್ತಿರ ಬರುವ ಜಗಳಗಳಲ್ಲಿ ಹೆಚ್ಚಿನವು ಕ್ಲಿಕ್ ಮಾಡಿದ ಜಾಗದಲ್ಲಿ ಹುಟ್ಟಿದವಲ್ಲ. ಆ ಫೋಟೊ ವಾಟ್ಸಾಪಿನಲ್ಲಿ, ಸ್ಟೇಟಸ್ಸಿನಲ್ಲಿ, ರೀಲ್ಸಿನಲ್ಲಿ, ಬ್ಯಾನರಿನಲ್ಲಿ ಕಾಣಿಸಿಕೊಂಡ ಮೇಲೆ ಹುಟ್ಟಿದವು.

ತೆಗೆಯುವುದೇ ಅಪರಾಧ ಆಗುವ ಸಂದರ್ಭಗಳೂ ಇವೆ. ಅವು ಗೊತ್ತಿರಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ (ಹಳೆಯ ಐಪಿಸಿಯಲ್ಲಿ 354ಸಿ) ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು, ಹಂಚುವುದು ಇವುಗಳ ಬಗ್ಗೆ. ಬಟ್ಟೆ ಬದಲಿಸುವುದು, ಸ್ನಾನ, ಶೌಚಾಲಯ ಇಂಥ, ಯಾರೂ ನೋಡಲ್ಲ ಅಂತ ನಂಬಿಕೊಂಡಿರುವ ಜಾಗ ಮತ್ತು ಹೊತ್ತು. ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಜೈಲು. ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ. ಇದರ ಒಳಗಿರುವ ಒಂದು ವಿವರಣೆಯನ್ನು ಹುಡುಗರು ಗಮನಿಸುವುದೇ ಇಲ್ಲ: ಆಕೆ ಫೋಟೊ ತೆಗೆಯೋಕೆ ಒಪ್ಪಿದ್ದರೂ ಹಂಚೋಕೆ ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ. ಪ್ರೀತಿಯಲ್ಲಿದ್ದಾಗ ಕೊಟ್ಟ ಫೋಟೊವನ್ನು ಜಗಳ ಆದ ಮೇಲೆ ಗೆಳೆಯರಿಗೆ ಕಳಿಸುವವರಿಗೆ ಈ ಸೆಕ್ಷನ್ ನೇರವಾಗಿ ಬರುತ್ತದೆ.

ಇನ್ನೊಂದು ಐಟಿ ಕಾಯ್ದೆಯ 66ಇ ಸೆಕ್ಷನ್. ಇದು ಗಂಡಸರಿಗೂ ಹೆಂಗಸರಿಗೂ ಒಂದೇ. ಒಬ್ಬರ ದೇಹದ ಖಾಸಗಿ ಭಾಗದ ಚಿತ್ರವನ್ನು, ಬೆತ್ತಲೆಯಾಗಿರಲಿ, ಒಳಉಡುಪಿನಲ್ಲಿರಲಿ, ಒಪ್ಪಿಗೆ ಇಲ್ಲದೆ ತೆಗೆದರೆ ಅಥವಾ ಕಳಿಸಿದರೆ ಮೂರು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಸೆಕ್ಷನ್‌ನ ದೊಡ್ಡ ಬಲ ಏನೆಂದರೆ, ಜಾಗ ಖಾಸಗಿಯೋ ಸಾರ್ವಜನಿಕವೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮ ಕಡೆಗೆ ಇದು ಬಹಳ ಮುಖ್ಯ. ಕೂಡಲಸಂಗಮದಲ್ಲಿ ಹೊಳೆಗೆ ಇಳಿದವರು, ಸವದತ್ತಿಯ ಎಣ್ಣೆಹೊಂಡದಲ್ಲಿ ಮಿಂದು ಒದ್ದೆ ಸೀರೆ ಬದಲಿಸುತ್ತಿರುವವರು, ಇವರೆಲ್ಲ ಸಾವಿರ ಜನರ ನಡುವೆ ಇರುತ್ತಾರೆ ನಿಜ. ದೇವರ ಮೇಲಿನ ಭಕ್ತಿಯಿಂದ, ಪಕ್ಕದವರ ಮೇಲಿನ ನಂಬಿಕೆಯಿಂದ ಅಲ್ಲಿ ನಿಂತಿರುತ್ತಾರೆ. ಅಲ್ಲಿ ಝೂಮ್ ಹಾಕುವವರ ಬಗ್ಗೆ ನನಗೆ ಸ್ವಲ್ಪವೂ ಕನಿಕರ ಇಲ್ಲ. ಸಾರ್ವಜನಿಕ ಜಾಗ ಅನ್ನುವ ನೆಪ ಅಲ್ಲಿ ನಡೆಯಲ್ಲ.

ನಿಮ್ಮ ಬಳೆ ಅಂಗಡಿಯ ಫೋಟೊಗೆ ಇವೆರಡೂ ಅನ್ವಯ ಆಗಲ್ಲ. ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಮಹಿಳೆ ಖಾಸಗಿ ಕ್ರಿಯೆಯಲ್ಲಿ ತೊಡಗಿರದಿದ್ದರೆ, ಅವರ ಫೋಟೊ, ವಿಡಿಯೊ ತೆಗೆದದ್ದು ಮಾತ್ರಕ್ಕೇ 354ಸಿ ಅಪರಾಧ ಆಗಲ್ಲ ಅಂತ. ಆದರೆ ಇದನ್ನು ಕೇಳಿ ಪೂರ್ತಿ ನಿರಾಳ ಆಗಬೇಡಿ. ನ್ಯಾಯ ಸಂಹಿತೆಯಲ್ಲೇ 79ನೇ ಸೆಕ್ಷನ್ ಬೇರೆ ಇದೆ. ಹೆಣ್ಣಿನ ಮಾನಕ್ಕೆ ಅವಮಾನ ಮಾಡುವ ಉದ್ದೇಶದಿಂದ ಅವಳ ಖಾಸಗಿತನಕ್ಕೆ ನುಗ್ಗಿದರೆ ಮೂರು ವರ್ಷದವರೆಗೆ ಜೈಲು. ಬೇಡ ಅಂದರೂ ಮತ್ತೆ ಮತ್ತೆ ಬೆನ್ನು ಹತ್ತಿ ಮಾತಾಡಿಸೋಕೆ ನೋಡಿದರೆ 78ನೇ ಸೆಕ್ಷನ್, ಅಂದರೆ ಹಿಂಬಾಲಿಸುವ ಅಪರಾಧ. ಒಂದು ಬಳೆ ಅಂಗಡಿ ಮುಂದೆ ಒಂದು ಕ್ಲಿಕ್ ಮಾಡುವುದು ಬೇರೆ. ಅದೇ ಹುಡುಗಿಯ ಹಿಂದೆ ಮಿಠಾಯಿ ಅಂಗಡಿಗೆ, ಜೋಕಾಲಿಗೆ, ತೇರಿನ ಹತ್ತಿರಕ್ಕೆ ಹೋಗಿ ಕ್ಲಿಕ್ ಮಾಡುತ್ತಾ ಹೋಗುವುದು ಬೇರೆ. ಎರಡನೆಯದನ್ನು ಯಾವ ಜಡ್ಜ್ ಮುಂದೆಯೂ ಕಲೆ ಅಂತ ಹೇಳಿ ಗೆಲ್ಲೋಕೆ ಆಗಲ್ಲ. ಫೋನ್ ಗ್ಯಾಲರಿಯಲ್ಲಿ ಎಲ್ಲದರ ಸಮಯವೂ ದಾಖಲಾಗಿರುತ್ತದೆ.

ಫೋಟೊದಲ್ಲಿ ಅಶ್ಲೀಲ ಏನೂ ಇಲ್ಲದಿದ್ದರೂ ಹಾಕಿದ ರೀತಿ ನೋಡಿ ಕೇಸ್ ಆಗಬಹುದು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಪ್ರಯಾಣಿಸುವ ಮಹಿಳೆಯರ ಫೋಟೊ, ವಿಡಿಯೊಗಳನ್ನು ಅವರಿಗೆ ಗೊತ್ತಿಲ್ಲದಂತೆ ತೆಗೆದು ಇನ್‌ಸ್ಟಾಗ್ರಾಂ ಖಾತೆಯೊಂದರಲ್ಲಿ ಹಾಕುತ್ತಿದ್ದರು. ಬೆಂಗಳೂರಿನದೇ ಆದ ಬನಶಂಕರಿ ಠಾಣೆಯಲ್ಲಿ ದೂರು ದಾಖಲಾಯಿತು, ಒಬ್ಬನ ಬಂಧನವೂ ಆಯಿತು. ಕೆಲಸಕ್ಕೆ ಹೋಗುವ ಮೈತುಂಬ ಬಟ್ಟೆ ಹಾಕಿಕೊಂಡ ಮಹಿಳೆಯರು ಅವರು. ತೆಗೆದ ಕೋನ, ಹಾಕಿದ ಶೀರ್ಷಿಕೆ, ಕೆಳಗೆ ಬಂದ ಕಾಮೆಂಟು, ಇವೆಲ್ಲ ಸೇರಿ ಒಂದು ಫೋಟೊ ಏನಾಗುತ್ತದೆ ಅನ್ನುವುದು ನಿರ್ಧಾರ ಆಗುತ್ತದೆ. ನಿಮ್ಮ ಪೇಜಿನಲ್ಲಿ ಯಾರದೋ ಫೋಟೊ ಕೆಳಗೆ ಹೊಲಸು ಕಾಮೆಂಟ್ ಬಂದರೆ ತಕ್ಷಣ ಅಳಿಸಿ. ಅದು ನೀವು ಮಾಡಬಹುದಾದ ಅತಿ ಸುಲಭದ ಒಳ್ಳೆಯ ಕೆಲಸ.

ಈಗ ಅಣ್ಣನ ವಿಷಯ. ಫೋನ್ ಕಿತ್ತುಕೊಳ್ಳುವ, ತೆರೆದು ನೋಡುವ, ಅಳಿಸುವ ಅಧಿಕಾರ ಅವನಿಗೆ ಇರಲಿಲ್ಲ. ಖಾಸಗಿ ವ್ಯಕ್ತಿ ಯಾರಿಗೂ ಇಲ್ಲ. ಹೋಗದಂತೆ ಅಡ್ಡ ಹಾಕಿದರೆ ಅಕ್ರಮ ತಡೆ, ಕೈ ಮಾಡಿದರೆ ಬಲಪ್ರಯೋಗ ಅಥವಾ ಹಲ್ಲೆ, ಇವೆಲ್ಲ ನ್ಯಾಯ ಸಂಹಿತೆಯಲ್ಲಿ ಅಪರಾಧಗಳೇ. ಪೊಲೀಸರು ಕೂಡ ಫೋನ್ ತಗೊಳ್ಳಬೇಕಾದರೆ ಅದು ಅಪರಾಧಕ್ಕೆ ಸಂಬಂಧಿಸಿದ್ದು ಅಂತ ಸಂಶಯ ಇರಬೇಕು, ಕಾನೂನು ಪ್ರಕಾರ ಜಪ್ತಿ ಮಾಡಬೇಕು. ಅಲ್ಲೇ ನಿಂತು ಅಳಿಸಿಬಿಡು ಅನ್ನುವುದು ಅವರ ಕೆಲಸವಲ್ಲ. ಅಪರಾಧ ನಡೆದಿದ್ದರೆ ಆ ಫೋಟೊವೇ ಸಾಕ್ಷಿ, ಅದನ್ನು ಹೇಗೆ ಅಳಿಸೋದು? ಅಪರಾಧ ನಡೆದಿಲ್ಲ ಅಂದರೆ ಅಳಿಸು ಅನ್ನೋಕೆ ಕಾರಣವೇ ಇಲ್ಲ.

ಹಾಗಂತ ಅವನ ಮೇಲೆ ಕೇಸ್ ಹಾಕಿ ಅಂತ ನಾನು ಹೇಳಲ್ಲ. ಅವನಿಗೆ ಸಿಟ್ಟು ಯಾಕೆ ಬಂತು ಅನ್ನುವುದು ನಮ್ಮ ಜಿಲ್ಲೆಗಳಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಒಬ್ಬ ಹುಡುಗಿಯ ಫೋಟೊ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದರೆ ಸಾಕು, ಅದರಲ್ಲಿ ತಪ್ಪೇನೂ ಇಲ್ಲದಿದ್ದರೂ ಅವಳ ಕಾಲೇಜು ನಿಲ್ಲುತ್ತದೆ, ಫೋನ್ ಹೋಗುತ್ತದೆ, ಗಡಿಬಿಡಿಯಲ್ಲಿ ಗಂಡು ಹುಡುಕೋಕೆ ಶುರು ಮಾಡುತ್ತಾರೆ. ಫೋಟೊ ತೆಗೆದವನಿಗೆ ನಾಲ್ಕು ಲೈಕ್ ಹೋಗಬಹುದು. ಅವಳಿಗೆ ಓದು ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಮಾತು. ನಿಮ್ಮ ಇಡೀ ಪ್ರಶ್ನೆಯಲ್ಲಿ ನೀವಿದ್ದೀರಿ, ಅಣ್ಣನಿದ್ದಾನೆ, ಆ ಹುಡುಗಿಯ ಬಾಯಿಂದ ಒಂದು ಮಾತೂ ಇಲ್ಲ. ನೀವು ಅವಳನ್ನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಬಹುಶಃ ಅವಳಿಗೆ ಆ ಫೋಟೊ ಇಷ್ಟವೇ ಆಗುತ್ತಿತ್ತೇನೋ. ಬೇಡ ಅನ್ನುತ್ತಿದ್ದಳೇನೋ. ಮುಖ ಅವಳದು, ಹೇಳಬೇಕಾದವಳು ಅವಳು.

ಅಳಿಸಿದ ಫೋಟೊ ನಿಜವಾಗಿ ಹೋಗಿರಲ್ಲ ಅನ್ನುವುದೂ ನಿಮಗೆ ಗೊತ್ತಿರುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದು ಟ್ರ್ಯಾಷ್ ಫೋಲ್ಡರಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ಕೂತಿರುತ್ತದೆ, ಕ್ಲೌಡ್ ಬ್ಯಾಕಪ್ಪಿನಲ್ಲೂ ಇರಬಹುದು. ಅಲ್ಲಿಂದ ತೆಗೆದು ಮತ್ತೆ ಎಲ್ಲಾದರೂ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅವರ ಕಡೆಯಿಂದ ಬೇಡ ಅಂತ ಬಂದಾಗಿದೆ. ಅದಾದ ಮೇಲೆ ಹಾಕಿದರೆ ಗೊತ್ತಿದ್ದೂ ಮಾಡಿದ್ದು ಅನ್ನಿಸಿಕೊಳ್ಳುತ್ತದೆ. ದೂರು ಏನಾದರೂ ನಿಜವಾಗಿ ದಾಖಲಾಗಿದ್ದರೆ ಮಾತ್ರ ಫೋನಿನಲ್ಲಿ ಏನನ್ನೂ ಮುಟ್ಟಬೇಡಿ. ಆಗ ಅಳಿಸುವುದು ಸಾಕ್ಷಿ ನಾಶ ಆಗುತ್ತದೆ.

ಈಗ ಆಯಿಯ ಫೋಟೊ. ನನಗೆ ಹೆಚ್ಚು ಚಿಂತೆ ಇರುವುದು ಇದರದೇ. ಫೋಟೊದ ಕಾಪಿರೈಟ್ ನಿಮ್ಮದು, ಅನುಮಾನವೇ ಇಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದವರೇ ಅದರ ಕರ್ತೃ. ನೀವು ಬದುಕಿರುವವರೆಗೆ, ಆಮೇಲೆ ಇನ್ನೂ 60 ವರ್ಷ, ಆ ಹಕ್ಕು ಇರುತ್ತದೆ. ಖಾನಾವಳಿಯವರು ಇನ್‌ಸ್ಟಾಗ್ರಾಂನಿಂದ ಸುಮ್ನೆ ಎತ್ತಿ ಹಾಕಿಕೊಂಡಿದ್ದರೆ ನೀವು ಅವರ ಮೇಲೆ ಹೋಗಬಹುದಿತ್ತು. ನಿಮ್ಮನ್ನು ಕೇಳಿದರಲ್ಲ, ಅದು ಅವರ ಒಳ್ಳೆಯತನ. ಆದರೆ ಕಾಪಿರೈಟ್ ಕೊಡುವುದು ಫೋಟೊದ ಮೇಲಿನ ಹಕ್ಕನ್ನು ಮಾತ್ರ. ಹೊಲವನ್ನು ಲಾವಣಿಗೆ ಮಾಡಿದವನಿಗೆ ಬೆಳೆ ಸಿಗುತ್ತದೆ, ಹೊಲ ಮಾರುವ ಅಧಿಕಾರ ಸಿಗಲ್ಲ. ಹಾಗೆಯೇ ಫೋಟೊ ನಿಮ್ಮದಾದರೂ ಆಯಿಯ ಮುಖವನ್ನು ಒಂದು ಅಂಗಡಿಯ ವ್ಯಾಪಾರಕ್ಕೆ ಕೊಡುವ ಅಧಿಕಾರ ನಿಮಗಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಪಕ್ಕದ ಮಹಾರಾಷ್ಟ್ರದಲ್ಲೇ ನಡೆದದ್ದು ಹೇಳುತ್ತೇನೆ. ಒಬ್ಬ ಹಳ್ಳಿಯ ಮಹಿಳೆಯ ಫೋಟೊವನ್ನು ಪರಿಚಯದ ಫೋಟೊಗ್ರಾಫರ್ ತೆಗೆದು, ಫೋಟೊ ಮಾರುವ ಅಂತರರಾಷ್ಟ್ರೀಯ ಜಾಲತಾಣಕ್ಕೆ ಹಾಕಿದ್ದ. ಅಲ್ಲಿಂದ ಅದು ಬೇರೆ ಬೇರೆ ರಾಜ್ಯ ಸರ್ಕಾರಗಳ ಜಾಹೀರಾತಿಗೆ, ಖಾಸಗಿಯವರ ಜಾಹೀರಾತಿಗೆ ಹೋಯಿತು. ಆಕೆಗೆ ಗೊತ್ತೇ ಇಲ್ಲ, ಯಾರೂ ಕೇಳಿಲ್ಲ, ಒಂದು ರೂಪಾಯಿ ಬಂದಿಲ್ಲ. ಆಕೆ ಬಾಂಬೆ ಹೈಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ಕೋರ್ಟು ಇದು ಮೇಲ್ನೋಟಕ್ಕೇ ಆಕೆಯ ಫೋಟೊದ ವಾಣಿಜ್ಯ ಶೋಷಣೆ ಅಂತ ಹೇಳಿ, ಜಾಲತಾಣಕ್ಕೂ ಸರ್ಕಾರಗಳಿಗೂ ನೋಟಿಸ್ ಕೊಟ್ಟಿತು. ಸರ್ಕಾರಗಳನ್ನೇ ಕೋರ್ಟು ಬಿಡಲಿಲ್ಲ, ಇನ್ನು ಖಾನಾವಳಿ ಮತ್ತು ನೀವು ಯಾವ ಲೆಕ್ಕ? ಸಿನಿಮಾ ನಟರು ತಮ್ಮ ಮುಖ, ದನಿ ಬಳಸಬಾರದು ಅಂತ ದೆಹಲಿ ಹೈಕೋರ್ಟಿನಿಂದ ಆದೇಶ ತರುತ್ತಿರುವುದನ್ನು ಓದಿರುತ್ತೀರಿ. ಅಮಿತಾಭ್ ಬಚ್ಚನ್ 2022ರಲ್ಲಿ ತಂದರು, ಅನಿಲ್ ಕಪೂರ್ 2023ರಲ್ಲಿ. ರೊಟ್ಟಿ ಮಾರುವ ಆಯಿಯ ಮುಖಕ್ಕೂ ಅಷ್ಟೇ ಬೆಲೆ ಇದೆ. ವಕೀಲರನ್ನು ಇಡೋಕೆ ಅವರ ಹತ್ತಿರ ದುಡ್ಡಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಆ ವ್ಯತ್ಯಾಸದ ಲಾಭ ನಾವು ಪಡೆಯಬಾರದು.

ಏನು ಮಾಡಬೇಕು ಅಂದರೆ, ಒಂದು ದಿನ ಬಸ್ ಹತ್ತಿ ಬನಶಂಕರಿಗೆ ಹೋಗಿ. ಬಾಗಲಕೋಟೆಯಿಂದ ದೂರ ಏನಿಲ್ಲ. ರೊಟ್ಟಿ ಮಾರುವ ಹೆಣ್ಣುಮಕ್ಕಳು ಜಾತ್ರೆ ಮುಗಿದ ಮೇಲೂ ಗುಡಿ ಹತ್ತಿರ ಇರುತ್ತಾರೆ, ಒಬ್ಬರಿಗೆ ಫೋಟೊ ತೋರಿಸಿದರೆ ಇನ್ನೊಬ್ಬರು ಗುರುತು ಹೇಳುತ್ತಾರೆ. ಫೋಟೊದ ಒಂದು ಒಳ್ಳೆಯ ಪ್ರಿಂಟ್ ತಗೊಂಡು ಹೋಗಿ ಆಯಿಗೆ ಕೊಡಿ. ಆಮೇಲೆ ಪೂರ್ತಿ ವಿಷಯ ಹೇಳಿ: ಎಲ್ಲಿ ಹಾಕಿದ್ದೀರಿ, ಎಷ್ಟು ಜನ ನೋಡಿದ್ದಾರೆ, ಯಾರು ಕೇಳಿದ್ದಾರೆ, ಎಷ್ಟು ದುಡ್ಡು. ಮಕ್ಕಳು ಮೊಮ್ಮಕ್ಕಳು ಇದ್ದರೆ ಅವರ ಎದುರಿಗೇ ಹೇಳಿ, ಆದರೆ ಉತ್ತರ ಆಯಿಯಿಂದಲೇ ಬರಲಿ. ಬೇಡ ಅಂದರೆ ಅಲ್ಲಿಗೆ ಮುಗೀತು, ಖಾನಾವಳಿಗೆ ಇಲ್ಲ ಅನ್ನಿ, ಇನ್‌ಸ್ಟಾಗ್ರಾಂನಿಂದಲೂ ತೆಗೆಯಿರಿ ಅಂದರೆ ತೆಗೆಯಿರಿ.

ಹೂಂ ಅಂದರೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಫಾರ್ಮ್ ಡೌನ್‌ಲೋಡ್ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ, ಅರ್ಥ ಆಗದ ಕಾಗದದ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲೋದೂ ಕಷ್ಟ. ಯಾವ ಫೋಟೊ, ಯಾವ ಖಾನಾವಳಿ, ಬೋರ್ಡಿಗೆ ಮಾತ್ರವೋ ಪೇಪರ್ ಜಾಹೀರಾತಿಗೂ ಹೌದೋ, ಎಷ್ಟು ವರ್ಷ, ಆಯಿಗೆ ಎಷ್ಟು ದುಡ್ಡು, ಇಷ್ಟು ಇದ್ದರೆ ಸಾಕು. ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಪಕ್ಕದ ಅಂಗಡಿಯವರ ಸಾಕ್ಷಿ ಸಹಿ ತಗೊಳ್ಳಿ. ಅವರು ಒಪ್ಪಿದರೆ ಆ ಮಾತುಕತೆಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದುಡ್ಡಿನ ವಿಷಯಕ್ಕೆ ಕಾನೂನು ಇಂತಿಷ್ಟು ಅಂತ ಹೇಳಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅರ್ಧ ಆಯಿಗೆ ಹೋಗಬೇಕು. ಫೋಟೊ ಓಡಿದ್ದು ನಿಮ್ಮ ಕೈಚಳಕದಿಂದ ಅರ್ಧ, ಆ ಮುಖದಿಂದ ಅರ್ಧ. ಖಾನಾವಳಿಯವರ ಜೊತೆಗೂ ಬೇರೆ ಒಂದು ಬರಹದ ಒಪ್ಪಂದ ಇರಲಿ, ಅದರಲ್ಲಿ ಬೇರೆ ಯಾರಿಗೂ ಈ ಫೋಟೊ ದಾಟಿಸಬಾರದು ಅಂತ ಬರೆಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಗ್ಗೆ ಕೇಳಿರಬಹುದು. ಸ್ವಂತಕ್ಕೆ, ಮನೆ ಮಟ್ಟಿಗೆ ಇಟ್ಟುಕೊಳ್ಳುವ ಫೋಟೊಗೆ ಅದು ಅನ್ವಯಿಸಲ್ಲ. ವ್ಯಾಪಾರಕ್ಕೆ ಬಳಸಿದರೆ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಭಾಗಗಳು ಜಾರಿಗೆ ಬರೋಕೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಈಗಲೇ ಬರಹದ ಒಪ್ಪಿಗೆ ತಗೊಳ್ಳುವ ರೂಢಿ ಮಾಡಿಕೊಂಡರೆ ಮುಂದೆ ತೊಂದರೆ ಇಲ್ಲ.

ಮದುವೆ ಫೋಟೊ ಆರ್ಡರ್ ತಗೊಳ್ತೀರಾ? ಹಾಗಿದ್ದರೆ ಇದು ನೆನಪಿರಲಿ. ದುಡ್ಡು ಕೊಟ್ಟು ಯಾರಾದರೂ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾಪಿರೈಟ್ ಕೂಡ ತೆಗೆಸಿದವರದೇ. ಮದುಮಗಳ ಫೋಟೊವನ್ನು ಸ್ಟುಡಿಯೊದ ಗಾಜಿಗೆ ಅಂಟಿಸುವುದು, ಪೇಜಿಗೆ ಹಾಕುವುದು ನಮ್ಮಲ್ಲಿ ಹಕ್ಕು ಎನ್ನುವಷ್ಟು ರೂಢಿಯಾಗಿದೆ. ಕೇಳದೆ ಹಾಕಿದರೆ ಅಲ್ಲಿ ನಿಮ್ಮದು ಅಂತ ಹೇಳಿಕೊಳ್ಳೋಕೆ ಏನೂ ಇರಲ್ಲ.

ಬನಶಂಕರಿ ಜಾತ್ರೆ ಅಂದ ಮೇಲೆ ನಾಟಕ ಕಂಪನಿಗಳು ಬಂದೇ ಬರುತ್ತವೆ. ಥಿಯೇಟರ್ ಒಳಗೆ ಕೂತು ನಾಟಕದ ವಿಡಿಯೊ ಮಾಡುವವರು ಈಗ ಜಾಸ್ತಿ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾಪಿರೈಟ್ ಕಾಯ್ದೆಯೇ ಪ್ರತ್ಯೇಕ ಹಕ್ಕು ಕೊಟ್ಟಿದೆ, ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಾಕುವಂತಿಲ್ಲ. ಅದರಲ್ಲೂ ನಟಿಯರ ನೃತ್ಯದ ತುಣುಕನ್ನು ಮಾತ್ರ ಕತ್ತರಿಸಿ, ಕೀಳು ಶೀರ್ಷಿಕೆ ಕೊಟ್ಟು ಹಾಕುವವರು ಇದ್ದಾರೆ. ವರ್ಷವಿಡೀ ಊರೂರು ಅಲೆದು ದುಡಿಯುವ ಹೆಣ್ಣುಮಕ್ಕಳ ಅನ್ನಕ್ಕೂ ಮಾನಕ್ಕೂ ಕೈ ಹಾಕುವ ಕೆಲಸ ಅದು.

ಜಾಗದ ಮಾಲೀಕರು ಬೇಡ ಅಂದರೆ ಬೇಡ. ಗರ್ಭಗುಡಿ, ಮಠ, ದರ್ಗಾ, ಆಸ್ಪತ್ರೆ, ಅಂಗಡಿ, ಎಲ್ಲ ಕಡೆ ಇದೇ. ಗೋಳಗುಮ್ಮಟ, ಬಾದಾಮಿ ಗುಹೆ, ಪಟ್ಟದಕಲ್ಲಿನಂಥ ಪುರಾತತ್ವ ಇಲಾಖೆ ಜಾಗಗಳಲ್ಲಿ ಕೈಯಲ್ಲಿ ಹಿಡಿದು ಸ್ವಂತಕ್ಕೆ ಫೋಟೊ ತೆಗೆಯಬಹುದು, ಟ್ರೈಪಾಡ್ ಇಡೋಕೆ, ಸಿನಿಮಾ ಥರ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. ಅಲ್ಲಿಗೆ ಬಂದ ಜೋಡಿಗಳನ್ನು ವಿಡಿಯೊ ಮಾಡಿ ಮನೆಯವರಿಗೆ ಕಳಿಸ್ತೀನಿ ಅಂತ ಹೆದರಿಸುವವರ ಬಗ್ಗೆ ದೂರುಗಳಿವೆ. ಅದು ಬೆದರಿಕೆ, ದುಡ್ಡು ಕೇಳಿದರೆ ಸುಲಿಗೆ, ಎರಡಕ್ಕೂ ಜೈಲಿದೆ. ಹೆದರಿಸಿಕೊಂಡವರು ದುಡ್ಡು ಕೊಡಬೇಡಿ, 112ಕ್ಕೆ ಫೋನ್ ಮಾಡಿ.

ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜಾತ್ರೆಯಲ್ಲಿ ಬಲೂನ್ ಹಿಡಿದ ಮಗುವಿನ ಫೋಟೊ ತೆಗೆಯುವುದು ಅಪರಾಧ ಅಲ್ಲ. ಆದರೂ ಅಪ್ಪ ಅಮ್ಮನನ್ನು ಕೇಳಿಯೇ ತೆಗೆಯಿರಿ, ಮುಖ ಕಾಣುವಂತೆ ಹಾಕುವ ಮುಂಚೆ ಮತ್ತೆ ಕೇಳಿ. ಭಿಕ್ಷೆ ಬೇಡುವ, ಕಳೆದುಹೋದ, ಅಪರಾಧಕ್ಕೆ ಬಲಿಯಾದ, ಅಥವಾ ಕೇಸಿನಲ್ಲಿ ಸಿಕ್ಕಿಕೊಂಡ ಮಗುವಿನ ಗುರುತನ್ನು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಹಾಯ ಆಗಲಿ ಅಂತ ಒಳ್ಳೆಯ ಮನಸ್ಸಿನಿಂದ ಹಾಕುವವರಿಗೂ ಇದು ಅನ್ವಯಿಸುತ್ತದೆ. ಮಗು ಕಷ್ಟದಲ್ಲಿದ್ದರೆ 1098ಕ್ಕೆ ಫೋನ್ ಮಾಡಿ, ಪೋಸ್ಟ್ ಹಾಕಬೇಡಿ.

ಇದನ್ನು ಓದುವವರಲ್ಲಿ ಫೋಟೊ ತೆಗೆಯುವವರಿಗಿಂತ ಫೋಟೊ ತೆಗೆಸಿಕೊಂಡು ಸಂಕಟಪಟ್ಟವರೇ ಜಾಸ್ತಿ ಇರಬಹುದು, ಅವರಿಗೂ ಎರಡು ಮಾತು. ನಿಮ್ಮ ಫೋಟೊ ಎಲ್ಲೋ ಬಂದಿದೆ ಅಂತ ಗೊತ್ತಾದ ಕೂಡಲೇ ಸ್ಕ್ರೀನ್‌ಶಾಟ್ ತಗೊಳ್ಳಿ, ಖಾತೆಯ ಹೆಸರು, ಲಿಂಕ್, ದಿನಾಂಕ ಬರೆದಿಟ್ಟುಕೊಳ್ಳಿ. ಹಾಕಿದವನಿಗೆ ಬೈದು ಮೆಸೇಜ್ ಮಾಡಿದರೆ ಅವನು ಖಾತೆ ಅಳಿಸಿ ಮಾಯವಾಗುತ್ತಾನೆ, ಸಾಕ್ಷಿಯೂ ಹೋಗುತ್ತದೆ. ಆಮೇಲೆ ಆ ಆ್ಯಪಿನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳು ಬಂದಾಗಲೇ ಬೆತ್ತಲೆ, ಖಾಸಗಿ ಭಾಗ, ಮುಖ ಅಂಟಿಸಿ ತಿರುಚಿದ ಚಿತ್ರಗಳ ದೂರಿಗೆ ಕಂಪನಿಗಳು 24 ಗಂಟೆಯೊಳಗೆ ಕ್ರಮ ತಗೊಳ್ಳಬೇಕು ಅಂತ ಗಡುವು ಇಟ್ಟಿದ್ದರು. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆ ವಿಭಾಗವೇ ಇದೆ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ) ನೇರ ಹೋಗಬಹುದು. ಹತ್ತಿರದ ಠಾಣೆಯವರು ಇದು ನಮ್ಮ ವ್ಯಾಪ್ತಿ ಅಲ್ಲ ಅಂದರೆ, ವ್ಯಾಪ್ತಿ ನೋಡದೆ ಎಫ್‌ಐಆರ್ ಮಾಡಿಕೊಳ್ಳಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173ನೇ ಸೆಕ್ಷನ್ ಹೇಳುತ್ತದೆ ಅಂತ ನೆನಪಿಸಿ. ಫೋಟೊ ಅಶ್ಲೀಲ ಅಲ್ಲ, ಆದರೆ ಸುಳ್ಳು ಬರೆದು ಹೆಸರು ಕೆಡಿಸಿದ್ದಾರೆ ಅಂದರೆ ಮಾನಹಾನಿಯ ದಾರಿ ಇದೆ. ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ, ಪರಿಹಾರ ಎರಡನ್ನೂ ಕೇಳಬಹುದು. ಮುಖ್ಯವಾಗಿ, ಮನೆಯ ಹುಡುಗಿಯನ್ನು ಬೈಯಬೇಡಿ. ಅವಳು ಮಾಡಿದ್ದು ಏನೂ ಇಲ್ಲ.

ಕೊನೆಗೆ ನಿಮ್ಮ ಭಯದ ಬಗ್ಗೆ. ಆ ಅಣ್ಣ ದೂರು ಕೊಟ್ಟೇಬಿಟ್ಟ ಅಂದುಕೊಳ್ಳಿ. ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಬೇಕಿಲ್ಲ ಅನ್ನಿಸಿದರೆ ಪೊಲೀಸರು ಮೊದಲು ಹಾಜರಾಗಿ ಅಂತ ನೋಟಿಸ್ ಕೊಡುತ್ತಾರೆ. ಬಂದರೆ ತಪ್ಪಿಸಿಕೊಳ್ಳಬೇಡಿ, ಹೇಳಿದ ದಿನ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿ. ಫೋನ್ ತಗೊಂಡರೆ ಜಪ್ತಿ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ವಕೀಲರನ್ನು ಇಡೋಕೆ ಆಗಲ್ಲ ಅಂದರೆ ನವನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮನೆಯ ಆದಾಯ ಕಡಿಮೆ ಇದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಆಯಿಗೂ ಇದೇ ಬಾಗಿಲು ತೆರೆದಿದೆ, ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟು ಅಂತ ಕೂಡ ಕೇಳಲ್ಲ. ಒಪ್ಪಿಗೆ ಹಾಳೆ ಬರೆಯುವ ಮುಂಚೆ ಅದನ್ನೂ ಅವರಿಗೆ ಹೇಳಿ.